ಅರ್ಧ ಕೂದಲು

ಸಿತ್ರಾದ ನಮ್ಮ ಶೆಡ್ಡಿಗೆ ಅವಳು ತಂದದ್ದು
ಒಂದು ಉಂಡೆ ಕೆಂಪು ನೂಲು,
ಜೇಬಿನಲ್ಲೊಂದು ಥರ್ಮಾಮೀಟರು.

ಹೊಸ ಯಂತ್ರಕ್ಕೆ ಅರ್ಧ ದುಡ್ಡು ನಿಧಿಯವರದು, ಅರ್ಧ ನಿಮ್ಮದು,
ಆದರೆ ಮೊದಲು ಹೊರಗಿನವರೊಬ್ಬರು ಬಂದು ನೋಡಬೇಕು.
ಷರತ್ತು ಓದಿದ ಮಾಲೀಕ ಖಲ್ಫಾನ್
ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ.
ಅಪ್ಪ ಮನೆಮನೆಯ ನಲ್ಲಿ ರಿಪೇರಿ ಮಾಡಿ ಕಟ್ಟಿದ ಶೆಡ್ಡು;
ಗುಜರಿ ಡಬ್ಬಿಯ ಮುಚ್ಚಳ ಪರರೆದುರು ತೆಗೆಯುವುದೆಂದರೆ
ಹೆಣ್ಣು ನೋಡಲು ಬಂದವರಿಗೆ
ತಳ ಹತ್ತಿದ ಪಾತ್ರೆ ತೋರಿಸಿದ ಹಾಗೆ.

ಹೆಡಿಯಾ ಅಂತ ಹೆಸರು, ಟ್ಯುನಿಸಿನವಳು.
ನೂಲಿನ ತುದಿ ನನ್ನ ಕೈಗಿಟ್ಟು
'ಒಂದು ವಾಲ್ವು ಹೋಗುವ ದಾರಿಯನ್ನೆಲ್ಲ ನಡಿ' ಅಂದಳು.
ನಡೆದೆ. ಕುಲುಮೆಯಿಂದ ಲೇಥಿಗೆ, ಲೇಥಿನಿಂದ ಡ್ರಿಲ್ಲಿಗೆ,
ಮತ್ತೆ ಲೇಥಿಗೆ, ಉಗ್ರಾಣ ಸುತ್ತಿ ಪಾಲಿಶಿಗೆ,
ಯಾಕೆಂದು ಯಾರಿಗೂ ನೆನಪಿಲ್ಲದ ಒಂದು ಮೂಲೆಗೆ,
ವಾಪಸ್ಸು.
ಶೆಡ್ಡೆಲ್ಲ ಬೆಕ್ಕು ಆಡಿಬಿಟ್ಟ ನೂಲಾಯಿತು.
ಮುಷ್ಟಿಯಷ್ಟು ಹಿತ್ತಾಳೆಗೆ
ನಾನೂರ ಹನ್ನೆರಡು ಮೀಟರಿನ ಪಾದಯಾತ್ರೆ.
ಖಲ್ಫಾನ್ ನಕ್ಕ. ಆ ವಾರದಲ್ಲಿ ಅದೇ ಮೊದಲು.

ಯಂತ್ರಗಳನ್ನು ಒಂದು ಶುಕ್ರವಾರ ಸರಿಸಿದೆವು.
ಅದು ಸುಲಭದ ಪಾಠ.

ಆಮೇಲೆ ಅವಳು ಗುಜರಿ ಡಬ್ಬಿಯ ಪಕ್ಕ
ಸ್ಟೂಲು ಹಾಕಿ ಕೂತಳು.
ಸೋರುವ ವಾಲ್ವು ಯಾರದೆಂದು ಕೇಳಲಿಲ್ಲ.
ಯಾವ ತಿಂಗಳು, ಎಷ್ಟು ಗಂಟೆ ಎಂದಷ್ಟೇ ಕೇಳಿ
ಚುಕ್ಕೆ ಇಡುತ್ತ ಹೋದಳು.
ಚುಕ್ಕೆಗಳೆಲ್ಲ ಜುಲೈ ಆಗಸ್ಟಿನ
ಮಧ್ಯಾಹ್ನ ಮೂರಕ್ಕೆ ಇರುವೆಯಂತೆ ಮುತ್ತಿದವು.
ಲೇಥಿನಿಂದಿಳಿದ ತುಂಡಿಗೆ ಥರ್ಮಾಮೀಟರು ಒತ್ತಿದಳು: ಐವತ್ತೆಂಟು.
'ಇದನ್ನು ಈಗಲೇ ಅಳೆಯುತ್ತೀರಾ?'
ಹೌದು.
ಬಿಸಿಯಲ್ಲಿ ಉಬ್ಬಿದ್ದು ರಾತ್ರಿ ಕುಗ್ಗುತ್ತಿತ್ತು,
ಹೆಚ್ಚೇನಿಲ್ಲ, ಅರ್ಧ ಕೂದಲು.
ನೀರಿಗೆ ಅಷ್ಟು ಸಂದು ಸಾಕು.

ನನ್ನ ಕಿವಿ ಕಾದದ್ದು ಸೆಕೆಗಲ್ಲ.
ಹರಿಹರದಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ,
ಗುರುಬಸಪ್ಪ ಮೇಸ್ತ್ರಿ ತಲೆಗೆ ಮೊಟಕಿ ಹೇಳಿದ್ದರು:
'ಕಾದ ಲೋಹದ ಮಾತು ನಂಬಬೇಡಲೇ,
ತಣ್ಣಗಾಗಲಿ, ಆಮೇಲೆ ಕೇಳು.'
ಗೊತ್ತಿತ್ತು.
ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಮಧ್ಯಾಹ್ನದ ಪಾಳಿಯ ಮೊಫಿಜುಲ್‌ನ ಪಗಾರದಲ್ಲಿ
ತಿಂಗಳಿಗೆ ಎಂಟು ದಿನಾರ್ ಮುರಿದಾಗಲೂ,
'ಇವನ ಕೈಯೇ ಸರಿಯಿಲ್ಲ' ಎಂದು ಕಳಿಸಿದಾಗಲೂ,
ಎಣ್ಣೆಬಟ್ಟೆಯಲ್ಲಿ ನನ್ನ ಕೈ ಒರೆಸುತ್ತಿದ್ದೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ.
ಬೇಕಾಗುತ್ತದೆ, ಮುಷ್ಟಿ ಬಿಗಿಹಿಡಿದವನಿಗೆ.
ಕೆಲವೊಮ್ಮೆ ಬಾಡಿಗೆಯ ಕನ್ನಡಿ.

ನಿಧಿಯ ದುಡ್ಡು ಬರುವಷ್ಟರಲ್ಲಿ ಚಳಿಗಾಲ.
ನಲವತ್ತೊಂದು ಕಾಗದ, ಹನ್ನೊಂದು ಮೊಹರು.
ಅದರಲ್ಲಿ ಹೊಸ ಯಂತ್ರ ಬಂತು, ಜೊತೆಗೆ
ಗಾಜಿನ ಗೋಡೆಯ, ಇಪ್ಪತ್ತು ಡಿಗ್ರಿಯ ಅಳತೆ ಕೋಣೆ.
ಶೆಡ್ಡಿನಲ್ಲೆಲ್ಲ ತಂಪು ಜಾಗ ಅದು, ಹಿತ್ತಾಳೆಗೆ ಮಾತ್ರ.
ಬಾಗಿಲಿಗೆ 'ಊಟದ ಡಬ್ಬಿ ತರಬಾರದು' ಎಂಬ ಬೋರ್ಡು;
ಬರೆದವನೇ ಖಲ್ಫಾನ್, ಮೊದಲು ಮುರಿದವನೂ ಅವನೇ.
ಈಗ ದಮ್ಮಾಮಿನಿಂದ ಆರ್ಡರು. ಇನ್ನೂ ಆರು ಜನ ಕೆಲಸಕ್ಕೆ.

ಒಂದು ಸಂಜೆ ಅವನು ನನ್ನ ಕೈಗೆ ಲಕೋಟೆಯಿಟ್ಟ.
ಮೇಲೆ ಪೆನ್ಸಿಲಿನ ಲೆಕ್ಕ: ಎಂಟು ಗುಣಿಲೆ ಐದು.
ಬೇರೇನೂ ಹೇಳಲಿಲ್ಲ.

ಮುಹರಕ್‌ನ ಗಲ್ಲಿಯೊಂದರ ಬೇಕರಿಯಲ್ಲಿ
ಮೊಫಿಜುಲ್ ರೊಟ್ಟಿ ಬಡಿಯುತ್ತಿದ್ದ.
ಲಕೋಟೆಯನ್ನು ಎಣಿಸದೆ ಹಿಟ್ಟಿನ ಚೀಲದಡಿ ಸೇರಿಸಿ
'ತಪ್ಪು ಎಲ್ಲಿತ್ತು, ಯಾರು ಹಿಡಿದರು?' ಅಂದ.

'ಹೊರಗಿನವಳೊಬ್ಬಳು' ಅಂದೆ.

ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿ ಕೊಟ್ಟ.
ಎಡಗೈಗೆ, ಬಲಗೈಗೆ, ಮತ್ತೆ ಎಡಗೈಗೆ ಹಾಕುತ್ತ
ತಣ್ಣಗಾಗಲೆಂದು ಅಲ್ಲೇ ನಿಂತೆ.